ಗೃಹಾರೋಗ್ಯ: ಸಿಗರೇಟನ್ನು ಬಿಟ್ಟ ಮೊದಲ ದಿನಗಳು

ಕಳೆದ ತಿಂಗಳ ಸಂಚಿಕೆಯು ವಾಚಕರ ಕೈಸೇರಿದ ಒಂದು ವಾರದೊಳಗೆ ಸೋದರಿಯೊಬ್ಬರಿಂದ ನನಗೊಂದು ಪತ್ರವು ಬಂದಿತು. ಅವರ ಯಜಮಾನರಿಗೆ ಈಗ ಐವತ್ತು ವರ್ಷ. ಇಪ್ಪತ್ತೈದು ವರ್ಷಗಳಿಂದ ದಿನಕ್ಕೆ ಹದಿನೈದು ಸಿಗರೇಟುಗಳನ್ನು ಸೇದುತ್ತಿದ್ದವರು, ಕಾಲೇಜಿಗೆ ಹೋಗುವ ಮಗಳ ಮಾತಿಗೆ ಕಟ್ಟುಬಿದ್ದು ಒಂದು ಸೋಮವಾರ ಬೆಳಗ್ಗೆ ಪೊಟ್ಟಣವನ್ನು ಕಸದ ಬುಟ್ಟಿಗೆ ಎಸೆದರಂತೆ. “ಇಂದಿಗೆ ಐದನೆಯ ದಿನ. ಸಾರಿಗೆ ಉಪ್ಪು ಹೆಚ್ಚೆಂದು ತಟ್ಟೆಯನ್ನು ತಳ್ಳಿ ಎದ್ದುಹೋದರು. ಯಾರ ಮಾತಿಗಾಗಿ ಬಿಟ್ಟರೋ ಆ ಮಗಳನ್ನೇ ನಿನ್ನೆ ಗದರಿಸಿ ಅಳಿಸಿದರು. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಜಗಲಿಯಲ್ಲಿ ಅಡ್ಡಾಡುತ್ತಾರೆ. ಸೇದುತ್ತಿದ್ದಾಗ ಮನೆಯಲ್ಲಿ ಹೊಗೆಯಿತ್ತು, ಜತೆಗೆ ನೆಮ್ಮದಿಯೂ ಇತ್ತು. ನಾನೇ ಅಂಗಡಿಗೆ ಹೋಗಿ ಒಂದು ಪೊಟ್ಟಣವನ್ನು ತಂದುಕೊಟ್ಟುಬಿಡಲೇ?” ಎಂಬುದು ಆ ತಾಯಿಯ ಪ್ರಶ್ನೆ.

ಖಂಡಿತವಾಗಿಯೂ ತರಬೇಡಿರೆಂದು ಅಂದೇ ಅಂಚೆಯಲ್ಲಿ ಉತ್ತರವನ್ನು ಕಳುಹಿಸಿದೆನು. ಇದೇ ಪ್ರಶ್ನೆಯು ಇನ್ನೂ ಅನೇಕ ಮನೆಗಳಲ್ಲಿ ಎದ್ದಿರಬಹುದಾದುದರಿಂದ ಅಲ್ಲಿ ಬರೆದುದನ್ನೇ ತುಸು ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

ಧೂಮಪಾನದ ಕೇಡುಗಳನ್ನು ಎಣಿಸಲು ನಾನು ಹೊರಟಿಲ್ಲ. ಅವನ್ನು ಪೊಟ್ಟಣದ ಮೇಲಿನ ಭಯಂಕರವಾದ ಚಿತ್ರವೇ ಸಾರುತ್ತಲಿದೆ. ಬಿಡಲು ಮನಸ್ಸು ಮಾಡಿದವನಿಗೆ ಬೇಕಾದುದು ಈ ಹೊತ್ತಿನ ಸಂಜೆಯನ್ನು ದಾಟುವ ಉಪಾಯ. ಯಾರ ನೆರವನ್ನೂ ಔಷಧವನ್ನೂ ಪಡೆಯದೆ ತಾವಾಗಿ ಬಿಡಹೊರಟ ೧೦೦ ಮಂದಿಯಲ್ಲಿ ಆರು ತಿಂಗಳು, ಒಂದು ವರ್ಷ ನಿಲ್ಲುವವರು ೩ರಿಂದ ೫ ಮಂದಿ ಮಾತ್ರವೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಉಳಿದವರಲ್ಲಿ ಬಹುಮಂದಿ ಸೋಲುವುದು ಮೊದಲ ೮ ದಿನಗಳೊಳಗೇ. ಎಂದರೆ ಈ ಕಾಳಗವು ನಡೆಯುವುದು ಊಟದ ಮನೆಯಲ್ಲಿ, ಜಗಲಿಯ ಮೇಲೆ, ಹೆಂಡತಿ ಮಕ್ಕಳ ಎದುರಿನಲ್ಲಿ. ಆದುದರಿಂದ ಸೇದುವವನೊಬ್ಬನೇ ಅಲ್ಲದೆ ಮನೆಮಂದಿಯೆಲ್ಲರೂ ಇದರ ಬಗೆಯನ್ನು ತಿಳಿದಿರುವುದು ಒಳ್ಳೆಯದು.

ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ಸತ್ತ್ವವು ಹೊಗೆಯೊಡನೆ ಒಳಹೊಕ್ಕು ಸುಮಾರು ೧೦ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ರಕ್ತದಲ್ಲಿ ಅದರ ಮೊತ್ತವು ಸುಮಾರು ೨ ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಚಡಪಡಿಕೆಯು ಏಳುವುದು. ಮತ್ತೊಂದನ್ನು ಹಚ್ಚಿದೊಡನೆ ಶಾಂತವಾಗುವುದು. ಸೇದುವವನು ಈ ಶಾಂತಿಯನ್ನು ಸಿಗರೇಟು ಕೊಟ್ಟ ವರವೆಂದು ತಿಳಿಯುತ್ತಾನೆ. ಆದರೆ ಹಿಂದಿನ ಸಿಗರೇಟು ಹುಟ್ಟಿಸಿದ ಬೇಗೆಯನ್ನೇ ಮುಂದಿನದು ಆರಿಸುತ್ತಿರುವುದು! ಸಾಲ ಕೊಟ್ಟ ಸಾಹುಕಾರನು ಅದರ ಬಡ್ಡಿ ತೀರಿಸಲು ಮತ್ತೊಂದು ಸಾಲವನ್ನು ಕೊಟ್ಟು ಉಪಕಾರಿಯೆನಿಸಿಕೊಂಡಂತೆ. ಆ ವ್ಯವಹಾರವನ್ನು ನಿಲ್ಲಿಸಿದೊಡನೆ ಹಳೆಯ ಬಾಕಿಯೆಲ್ಲವೂ ಒಮ್ಮೆಗೇ ಬಾಗಿಲಿಗೆ ಬಂದು ಕೂರುತ್ತದೆ: ಸಿಡುಕು, ಕಳವಳ, ಮಂಕು, ನಿದ್ರಾಭಂಗ, ತೀರದ ಹಸಿವು. ಇವು ಬಿಟ್ಟ ದಿನವೇ ಮೊದಲಾಗಿ, ಎರಡನೆಯ ಮೂರನೆಯ ದಿನಗಳಲ್ಲಿ ಉತ್ಕಟವಾಗಿ, ಬಳಿಕ ಇಳಿಯುತ್ತ ಬಂದು, ೨ರಿಂದ ೪ ವಾರಗಳಲ್ಲಿ ಬಹುಮಟ್ಟಿಗೆ ಅಡಗುತ್ತವೆ. ಪತ್ರ ಬರೆದ ಸೋದರಿಯ ಯಜಮಾನರು ಐದನೆಯ ದಿನದಲ್ಲಿದ್ದರು. ಘಟ್ಟದ ನೆತ್ತಿಯನ್ನು ಆಗಲೇ ದಾಟಿದ್ದರು. ಅಂದು ಆಕೆಯು ಪೊಟ್ಟಣವನ್ನು ತಂದಿದ್ದರೆ ಆ ನಾಲ್ಕು ದಿನಗಳ ನೋವು ವ್ಯರ್ಥವಾಗಿ, ಮುಂದೊಂದು ದಿನ ಮತ್ತೆ ಬುಡದಿಂದಲೇ ಹತ್ತಬೇಕಾಗುತ್ತಿತ್ತು.

ಇದನ್ನು ಪುಸ್ತಕವನ್ನು ನೋಡಿ ಮಾತ್ರ ಬರೆಯುತ್ತಿಲ್ಲ. ನಾನೂ ಒಂದು ಕಾಲದಲ್ಲಿ ಸೇದುತ್ತಿದ್ದವನೇ. ಮೂರು ಸಲ ಬಿಟ್ಟು ಮೂರು ಸಲವೂ ಹಿಡಿದು, ನಾಲ್ಕನೆಯ ಸಲಕ್ಕೆ ಪಾರಾದವನು. ಆ ಸಲ ಗಡಿಯಾರವನ್ನು ಎದುರಿಗಿಟ್ಟುಕೊಂಡು ಒಂದು ಸಂಗತಿಯನ್ನು ಕಂಡುಕೊಂಡೆನು. ಸೇದಬೇಕೆಂಬ ತಹತಹವು ದಿನವಿಡೀ ಒಂದೇ ಸಮನೆ ಇರುವುದಿಲ್ಲ. ಅದು ಅಲೆಯಂತೆ ಏರಿ ಅಲೆಯಂತೆ ಇಳಿಯುತ್ತದೆ. ಒಂದೊಂದು ಅಲೆಯ ಆಯುಸ್ಸು ಬಹಳವಾದರೆ ಐದು ನಿಮಿಷ. ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ಇದನ್ನು ನಮ್ಮ ಮನೆಯಾಕೆಗೆ ಹೇಳಿದಾಗ ಆಕೆಯು ಏನೂ ಮಾತನಾಡದೆ ತುರಿಮಣೆಯನ್ನೂ ಒಂದು ಹೋಳು ತೆಂಗಿನಕಾಯನ್ನೂ ತಂದು ನನ್ನ ಮುಂದಿಟ್ಟಳು. ಒಂದು ಹೋಳು ಕಾಯಿಯನ್ನು ತುರಿದು ಮುಗಿಸುವಷ್ಟರಲ್ಲಿ ಐದು ನಿಮಿಷ ಕಳೆದು, ಅಲೆಯೂ ಹಿಂದಕ್ಕೆ ಸರಿದಿತ್ತು. ಕೈಗೆ ಕೆಲಸ, ಕಣ್ಣಿಗೆ ಎಚ್ಚರಿಕೆ. ಬೆರಳು ತುರಿಮಣೆಯ ಹಲ್ಲಿಗೆ ಸಿಕ್ಕೀತೆಂಬ ಭಯದಲ್ಲಿ ಮನಸ್ಸು ಬೇರೆಡೆಗೆ ಹೋಗುವಂತಿಲ್ಲ. ಆ ವಾರ ನಮ್ಮ ಮನೆಯಲ್ಲಿ ಕಾಯಿ ಬೀಳದ ಪಲ್ಯವೇ ಇರಲಿಲ್ಲ. ಕಾಯಿಯೇ ಆಗಬೇಕೆಂದಿಲ್ಲ. ಗಿಡಗಳಿಗೆ ನೀರು ಹಾಕಬಹುದು, ಬೀದಿಯ ಕೊನೆಯವರೆಗೆ ಬಿರುಸಾಗಿ ನಡೆದು ಬರಬಹುದು, ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯಬಹುದು. ಸುಮ್ಮನೆ ಕುಳಿತಿರಬಾರದು, ಅಷ್ಟೆ.

ಕಾಫಿಯ ವಿಷಯವನ್ನು ತುಸು ಬಿಡಿಸಿ ಹೇಳಬೇಕು. ಇದನ್ನು ತಿಳಿಯದೆ ಕಷ್ಟಪಡುವವರು ನಮ್ಮ ನಾಡಿನಲ್ಲಿ ಬಹಳ. ಹೊಗೆಯಲ್ಲಿರುವ ಕೆಲವು ದ್ರವ್ಯಗಳು ಯಕೃತ್ತನ್ನು ಪ್ರಚೋದಿಸಿ, ಕಾಫಿಯಲ್ಲಿರುವ ಕೆಫೀನ್ ಎಂಬ ವಸ್ತುವನ್ನು ಬೇಗಬೇಗನೆ ಕರಗಿಸುವಂತೆ ಮಾಡುತ್ತವೆ. ಸೇದುವವರು ಲೋಟದ ಮೇಲೆ ಲೋಟ ಕಾಫಿ ಕುಡಿದು ಅರಗಿಸಿಕೊಳ್ಳುವುದರ ಗುಟ್ಟು ಇದು. ಹೊಗೆಯು ನಿಂತ ಕೆಲವೇ ದಿನಗಳಲ್ಲಿ ಯಕೃತ್ತು ತನ್ನ ಸಹಜವಾದ ನಡೆಗೆ ಮರಳುತ್ತದೆ. ಹಿಂದಿನಷ್ಟೇ ಕಾಫಿಯನ್ನು ಕುಡಿದರೂ ಕೆಫೀನಿನ ಮೊತ್ತವು ರಕ್ತದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎದೆ ಡವಗುಟ್ಟುವುದು, ಕೈ ನಡುಗುವುದು, ನಡುರಾತ್ರಿಯಲ್ಲಿ ಕಣ್ಣು ತೆರೆದು ಮಲಗಿರುವುದು, ಇದೆಲ್ಲವೂ ಸಿಗರೇಟಿನ ಅಗಲಿಕೆಯಿಂದಲೇ ಎಂದು ಎಲ್ಲರೂ ತಿಳಿಯುತ್ತಾರೆ. ಅದರಲ್ಲಿ ಒಂದು ಪಾಲು ಕಾಫಿಯದು. ಗೃಹಿಣಿಯರು ಕಾಫಿಯನ್ನು ನಿಲ್ಲಿಸಬೇಕಾಗಿಲ್ಲ. ಏಕಕಾಲಕ್ಕೆ ಎರಡು ವ್ರತಗಳನ್ನು ಹೇರುವುದು ಕ್ರೂರತನ. ಅರ್ಧ ಲೋಟ ಕೊಡಿರಿ, ಮಧ್ಯಾಹ್ನದ ಮೇಲೆ ಅದರ ಸ್ಥಾನಕ್ಕೆ ಮಜ್ಜಿಗೆಯನ್ನು ತನ್ನಿರಿ, ಎಂದಿನ ಜಗಲಿಯನ್ನು ಬಿಟ್ಟು ಅಡಿಗೆಮನೆಯಲ್ಲಿ ಕೂರಿಸಿ ಕೊಡಿರಿ. ಕಾಫಿಯ ಲೋಟವೂ ಜಗಲಿಯ ಕುರ್ಚಿಯೂ ಸೇರಿದರೆ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಉಬ್ಬಸಕ್ಕಾಗಿ ಥಿಯೋಫಿಲಿನ್ ಎಂಬ ಔಷಧವನ್ನು ತೆಗೆದುಕೊಳ್ಳುವವರಲ್ಲಿ ಅದೂ ಇದೇ ರೀತಿ ಹೆಚ್ಚು ಹೊತ್ತು ನಿಲ್ಲುವುದರಿಂದ, ಸಿಗರೇಟನ್ನು ಬಿಟ್ಟಿರುವುದನ್ನು ಅವರು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.

ಮೊದಲ ವಾರಗಳಲ್ಲಿ ಮಲಬದ್ಧತೆ, ಬಾಯಿಹುಣ್ಣು, ಹಿಂದಿಗಿಂತ ಹೆಚ್ಚಾದ ಕೆಮ್ಮು ಕಂಡುಬಂದರೆ ಗಾಬರಿಯಾಗಬೇಕಿಲ್ಲ. ಸೊಪ್ಪು, ಹಣ್ಣು, ನೀರು ಹೆಚ್ಚಾಗಿರಲಿ. ಕೆಮ್ಮಿನಲ್ಲಿ ರಕ್ತ ಕಂಡರೆ ಅಥವಾ ಕೆಮ್ಮು ವಾರಗಟ್ಟಲೆ ನಿಂತರೆ ಮಾತ್ರ ವೈದ್ಯರನ್ನು ಕಾಣಬೇಕು. ಮೈತೂಕವು ವರ್ಷದೊಳಗೆ ೪–೫ ಕಿಲೋ ಏರುವುದುಂಟು. ಅದನ್ನು ಆಮೇಲೆ ನೋಡಿಕೊಂಡರಾಯಿತು.

ಮನೆಯವರು ಮಾಡಬಾರದ ಕೆಲವು ಕೆಲಸಗಳಿವೆ. ಅಂಗಿಯನ್ನು ಮೂಸಿ ನೋಡಬಾರದು. ಬಂಧುಗಳ ಮುಂದೆ “ಈ ಸಲ ಎಷ್ಟು ದಿನವೋ ನೋಡೋಣ” ಎಂದು ನಗಬಾರದು. ಅಂತಹ ಒಂದು ನಗೆಯೇ ನನ್ನ ಮೊದಲನೆಯ ಪ್ರಯತ್ನವನ್ನು ಮುಗಿಸಿತು. ಬಿಟ್ಟವನಿಗೂ ಒಂದು ಮಾತನ್ನು ಹೇಳಲೇಬೇಕು. ಸಿಡುಕು ಶರೀರಧರ್ಮವಾಗಿರಬಹುದು, ಅದರಿಂದ ಮಗಳನ್ನು ಅಳಿಸುವ ಅಧಿಕಾರವು ಬರುವುದಿಲ್ಲ. “ಈ ಒಂದು ವಾರ ನನ್ನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದು ಮೊದಲೇ ಹೇಳಿಡಬೇಕು. ಸಿಟ್ಟು ನೆತ್ತಿಗೇರಿದಾಗ ಚಪ್ಪಲಿ ಮೆಟ್ಟಿಕೊಂಡು ಹೊರಕ್ಕೆ ನಡೆಯಬೇಕು. ತಪ್ಪಿ ಆಡಿದ ಮಾತಿಗೆ ಅಂದೇ ರಾತ್ರಿ ಕ್ಷಮೆಯನ್ನು ಕೇಳಬೇಕು.

ನನ್ನ ಎರಡನೆಯ ಪ್ರಯತ್ನವು ಮುರಿದುದು ಒಂಬತ್ತನೆಯ ದಿನ, ಒಂದು ಮದುವೆಯ ಛತ್ರದ ಹಿಂಬದಿಯಲ್ಲಿ. ಹೋಳಿಗೆಯ ಊಟ, ಎಲೆಯಡಿಕೆ, ಹಳೆಯ ಗೆಳೆಯರು. “ಒಂದೇ ಒಂದು ದಮ್ಮು” ಎಂದುಕೊಂಡೆನು. ಸಂಜೆಗೆ ಪೊಟ್ಟಣವೇ ಜೇಬಿನಲ್ಲಿತ್ತು. ೧೬೦೪ರ ಸುಮಾರಿಗೆ ರಾಯಭಾರಿಯಾಗಿ ನಮ್ಮ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ಹೊಗೆಸೊಪ್ಪನ್ನು ಕಂಡು, ರತ್ನದ ಕೆಲಸ ಮಾಡಿದ ಕೊಳವೆಯೊಡನೆ ಅಕ್ಬರನ ಆಸ್ಥಾನಕ್ಕೆ ಒಯ್ದನು. ಬಾದಶಹನು ಎರಡು ಮೂರು ದಮ್ಮು ಎಳೆದನೆಂದೂ ವೈದ್ಯನು ಕಳವಳಪಟ್ಟು ತಡೆದನೆಂದೂ ಅವನೇ ಬರೆದಿಟ್ಟಿದ್ದಾನೆ. ಎರಡು ದಮ್ಮಿಗೆ ನಿಲ್ಲಿಸುವುದು ಹಿಂದೆಂದೂ ಸೇದದ ಬಾದಶಹನಿಗೆ ಸಾಧ್ಯವಾಯಿತು. ಇಪ್ಪತ್ತೈದು ವರ್ಷ ಸೇದಿದವನ ಮಿದುಳು ಅಷ್ಟಕ್ಕೆ ಕಾದುಕೊಂಡೇ ಇರುತ್ತದೆ. ಹಾಗೊಂದು ವೇಳೆ ಜಾರಿದರೂ ಮರುದಿನಕ್ಕೆಂದು ಕಾಯದೆ ಆ ಕ್ಷಣದಿಂದಲೇ ಮತ್ತೆ ಬಿಡಬೇಕು. ನಾನು ಹಾಗೆ ಮಾಡದೆ ಎರಡು ವರ್ಷಗಳನ್ನು ಕಳೆದುಕೊಂಡೆನು.

ಒಬ್ಬನೇ ಹೆಣಗುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಔಷಧದ ಅಂಗಡಿಯಲ್ಲಿ ನಿಕೋಟಿನ್ ಗಮ್ ದೊರೆಯುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟನ್ನು ಹಚ್ಚುತ್ತಿದ್ದವರಿಗೆ ೪ ಮಿಲಿಗ್ರಾಮಿನದು, ಉಳಿದವರಿಗೆ ೨ ಮಿಲಿಗ್ರಾಮಿನದು ಸಾಮಾನ್ಯವಾಗಿ ತಕ್ಕುದು. ಅದನ್ನು ಎಲೆಯಡಿಕೆಯಂತೆ ಒಂದೇ ಸಮನೆ ಅಗಿಯಬಾರದು. ಬಿಕ್ಕಳಿಕೆಯೂ ಎದೆಯುರಿಯೂ ಬರುತ್ತವೆ. ನಾಲ್ಕಾರು ಸಲ ಅಗಿದು, ಖಾರ ಹತ್ತಿದೊಡನೆ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಕಾಲುಗಂಟೆ ಮೊದಲಿನಿಂದ ಕಾಫಿ ಕುಡಿಯಬಾರದು. ಹೃದ್ರೋಗಿಗಳೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಬಳಸಕೂಡದು. ವರೆನಿಕ್ಲಿನ್ ಮೊದಲಾದ ಮಾತ್ರೆಗಳಂತೂ ವೈದ್ಯರ ಚೀಟಿಯಿಂದಲೇ. ಪೊಟ್ಟಣದ ಮೇಲೆ ಮುದ್ರಿತವಾಗಿರುವ ೧೮೦೦-೧೧-೨೩೫೬ ಎಂಬ ಸಂಖ್ಯೆಗೆ ಖರ್ಚಿಲ್ಲದೆ ಕರೆ ಮಾಡಬಹುದು. ೨೦೧೬ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಆರಂಭವಾದ ಈ ಸೇವೆಯು ೨೦೧೮ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಹಬ್ಬಿದುದರಿಂದ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಸೋದರಿಗೆ ಬರೆದ ಪತ್ರದ ಕೊನೆಯಲ್ಲಿ ಒಂದು ಲೆಕ್ಕವನ್ನು ಕೊಟ್ಟಿದ್ದೆನು. ಬ್ರಿಟನ್ನಿನ ವೈದ್ಯರ ಧೂಮಪಾನದ ಅಭ್ಯಾಸವನ್ನು ೧೯೫೧ರಿಂದ ೫೦ ವರ್ಷಗಳ ಕಾಲ ಪರೀಕ್ಷಿಸಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ಫಲಿತಾಂಶವದು. ಡಾಲ್ ಮಹಾಶಯನೂ ಮೊದಲು ಸೇದುತ್ತಿದ್ದವನೇ. ೬೦ನೆಯ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು ೩, ೫೦ರಲ್ಲಿ ಬಿಟ್ಟವರಿಗೆ ೬, ೪೦ರಲ್ಲಿ ಬಿಟ್ಟವರಿಗೆ ೯ ವರ್ಷಗಳ ಆಯುಸ್ಸು ಮರಳಿ ದೊರೆಯುವುದಾಗಿ ಅವರು ಕಂಡರು. ಆಕೆಯ ಯಜಮಾನರಿಗೆ ಐವತ್ತು. ಒಂದು ಕಡೆ ಉಪ್ಪು ಹೆಚ್ಚಾದ ಸಾರಿನ ಜಗಳದ ಒಂದೆರಡು ವಾರ, ಇನ್ನೊಂದು ಕಡೆ ಸುಮಾರು ಆರು ವರ್ಷ. ತೂಗಿ ನೋಡಿರೆಂದು ಬರೆದಿದ್ದೆನು.

ಈ ಪುಟವು ಅಚ್ಚಿಗೆ ಹೋಗುವ ಹೊತ್ತಿಗೆ ಆಕೆಯಿಂದ ಎರಡನೆಯ ಪತ್ರ ಬಂದಿದೆ. ಹತ್ತೊಂಬತ್ತನೆಯ ದಿನ. ಮಗಳೊಡನೆ ಮಾತುಕತೆ ಸರಿಹೋಗಿದೆಯಂತೆ. ತೆಂಗಿನಕಾಯಿಯ ಖರ್ಚು ಮಾತ್ರ ಮೂರು ಪಾಲಾಗಿದೆಯೆಂದು ನನ್ನ ಮೇಲೆಯೇ ದೂರು ಬರೆದಿದ್ದಾರೆ.