ನನ್ನ ಅಕ್ಷರಕ್ಕೆ ಎಂಟೂ ಬಿಟ್ ಬೇಕು

ಹಳೆಯ ಕಂಪ್ಯೂಟರಿಗೆ ಟರ್ಮಿನಲ್ ತಂತ್ರಾಂಶ ಆರಿಸುವುದು ಗಂಡಸರ ಕೆಲಸ ಎಂದು ಯಾರು ತೀರ್ಮಾನ ಮಾಡಿದರೋ ಕಾಣೆ. ನಮ್ಮ ಮನೆಯಲ್ಲಂತೂ ಮಗ, ಮೈದುನ, ರಿಪೇರಿ ಅಂಗಡಿಯ ಹುಡುಗ ಮೂವರೂ ತೀರ್ಪು ಕೊಟ್ಟಾಗಿತ್ತು. ಒಬ್ಬನಿಗೆ ಬಣ್ಣಬಣ್ಣದ ಪರದೆ ಬೇಕು, ಇನ್ನೊಬ್ಬನಿಗೆ ವೇಗ ಬೇಕು, ಮೂರನೆಯವನಿಗೆ ಆ 286 ಪೆಟ್ಟಿಗೆ ಗುಜರಿಗೆ ಹೋದರೆ ಸಾಕು. ಒಳಗೆ ಏನಿದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಅದರೊಳಗೆ 1992ರಿಂದ 1999ರವರೆಗೆ ನಾನು ಅಕ್ಕನಿಗೆ ಬರೆದ ಕಾಗದಗಳಿವೆ, ಅಚ್ಚಾಗದ ಏಳು ಕಥೆಗಳಿವೆ, ಅತ್ತೆಯವರು ಹೇಳಿ ಬರೆಸಿದ ಉಪ್ಪಿನಕಾಯಿಯ ಅಳತೆಗಳಿವೆ. ಪುಣೆಯ ಸಿ-ಡ್ಯಾಕ್‌ನವರ ಜಿಸ್ಟ್ ಕಾರ್ಡು ಹಾಕಿಸಿ ಕನ್ನಡದಲ್ಲೇ ಟೈಪು ಮಾಡಿದ್ದು.

ಟರ್ಮಿನಲ್ ಎಮ್ಯುಲೇಟರ್ ಎಂಬ ಹೆಸರಿಗೆ ಹೆದರಬೇಡಿ. ಹಿಂದೆ ದೊಡ್ಡ ಕಂಪ್ಯೂಟರಿಗೆ ತಂತಿಯಿಂದ ಕಟ್ಟಿದ, ಸ್ವಂತ ಬುದ್ಧಿ ಅಷ್ಟಾಗಿ ಇಲ್ಲದ ಪರದೆ-ಕೀಲಿಮಣೆಗಳಿರುತ್ತಿದ್ದವು. ಡಿಇಸಿ ಕಂಪನಿಯ 1978ರ ವಿಟಿ100 ಅಂಥದ್ದು. ಮನೆಯ ಕಂಪ್ಯೂಟರಿಗೆ ಆ ವೇಷ ಕಟ್ಟುವ ತಂತ್ರಾಂಶವೇ ಇದು. ವೇಷ ಕಟ್ಟಿ ಇನ್ನೊಂದು ಯಂತ್ರದೊಡನೆ ಮಾತಾಡುತ್ತದೆ, ಮಾತಾಡುತ್ತಲೇ ಕಡತಗಳನ್ನೂ ದಾಟಿಸುತ್ತದೆ. ಈಗಿನ ಯಂತ್ರಗಳಿಗೆ ಫ್ಲಾಪಿ ನುಂಗುವ ಬಾಯೇ ಇಲ್ಲವಲ್ಲ. ಹಳೆಯದರ ಸೀರಿಯಲ್ ಕಿಂಡಿಯಿಂದ ನಲ್-ಮೋಡೆಮ್ ಕೇಬಲ್ಲು, ಹೊಸದರ ಯುಎಸ್‌ಬಿಗೆ ಒಂದು ಅಡಾಪ್ಟರು, ಹೀಗೆ ದಾರಿ ಮಾಡಿಕೊಳ್ಳಬೇಕು.

ಜಗಳ ಇರುವುದು ಇಲ್ಲಿ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರವೂ ಸೊನ್ನೆ-ಒಂದುಗಳ ಸಾಲು. ಅದರ ಒಂದೊಂದು ಮನೆಯೂ ಒಂದು ಬಿಟ್. ಇಂಗ್ಲಿಷಿಗೆ ಏಳು ಸಾಕು. ನಮ್ಮ ಭಾಷೆಗಳಿಗಾಗಿ ಮಾಡಿದ 1991ರ ಇಸ್ಕಿ ಮಾನಕದಲ್ಲಿ ಕನ್ನಡ ಕೂತಿರುವುದು ಎಂಟನೆಯ ಬಿಟ್ಟಿನ ಅಟ್ಟದ ಮೇಲೆ. ತಂತ್ರಾಂಶವನ್ನು ಏಳು ಬಿಟ್ಟಿಗೆ ಹೊಂದಿಸಿಟ್ಟರೆ ಅಟ್ಟವೇ ಕುಸಿಯುತ್ತದೆ. 'ಕ' ಹೋಗಿ 3 ಎಂಬ ಅಂಕಿ ಬರುತ್ತದೆ, 'ಗ' ಹೋಗಿ 5. 'ಅಕ್ಕ' ಎಂದು ಶುರುವಾದ ಕಾಗದ ಡಾಲರ್ ಗುರುತು, 3, ಇಂಗ್ಲಿಷಿನ ಎಚ್, ಮತ್ತೆ 3 ಎಂದು ಶುರುವಾಗುತ್ತದೆ! ಬಣ್ಣದ ಪರದೆ ಕಟ್ಟಿಕೊಂಡು ಏನು ಮಾಡೋಣ?

ಅದಕ್ಕೇ ನನ್ನ ಓಟು ಕರ್ಮಿಟ್‌ಗೆ. 1981ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಹೆಸರು ಟಿ.ವಿ.ಯ ಬೊಂಬೆ ಕಪ್ಪೆಯದು. ಏಳೇ ಬಿಟ್ ಬಿಡುವ ಇಕ್ಕಟ್ಟಿನ ದಾರಿ ಎಂದು ಮೊದಲೇ ತಿಳಿಸಿದರೆ, ಎಂಟನೆಯದಕ್ಕೆ ಬೇರೆ ಗುರುತು ಹಾಕಿ ಜೋಪಾನವಾಗಿ ದಾಟಿಸುತ್ತದೆ. 1977ರ ಎಕ್ಸ್‌ಮೋಡೆಮ್‌ಗೆ ಈ ಉಪಾಯ ಗೊತ್ತಿಲ್ಲ. ಸಾಲದ್ದಕ್ಕೆ 128ರ ಕೊನೆಯ ಕಂತೆ ತುಂಬದಿದ್ದರೆ ಹೊಟ್ಟು ತುಂಬಿಸಿ ಕಳಿಸುತ್ತದೆ. ಟೆಲಿಕ್ಸ್, ಪ್ರೊಕಾಮ್‌ಗಳಲ್ಲೂ ಕರ್ಮಿಟ್ ಪದ್ಧತಿ ಇದೆಯಲ್ಲ ಅತ್ತಿಗೆ, ಎಂದು ಮೈದುನ ವಾದಿಸಿದ. ಇದೆ, ಎಲೆಯ ತುದಿಯ ಉಪ್ಪಿನ ಹಾಗೆ. ನನಗೆ ಬೇಕಾದ ಊಟವೇ ಅದು.

ನಿಧಾನವಂತೆ. 9600ರ ವೇಗದಲ್ಲಿ 360 ಕೆಬಿಯ ಒಂದು ಫ್ಲಾಪಿಯಷ್ಟು ಬರಹಕ್ಕೆ ಕಡೇಪಕ್ಷ ಆರೂವರೆ ನಿಮಿಷ. ಕರ್ಮಿಟ್‌ನ ಸಣ್ಣ ಕಂತೆಗಳಿಂದ ಇನ್ನೂ ಹೆಚ್ಚು. ಇರಲಿ ಬಿಡಿ, ಬೇಳೆ ಬೇಯಲೂ ಹೊತ್ತು ಹಿಡಿಯುತ್ತದೆ. ಆಜ್ಞೆಗಳನ್ನು ಟೈಪು ಮಾಡಬೇಕಂತೆ, ಹೆಂಗಸರಿಗೆ ಕಷ್ಟವಂತೆ! ಡಾಸ್ ಕರ್ಮಿಟ್‌ಗೆ 1990ರಲ್ಲಿ ಕೈಪಿಡಿ ಬರೆದ ಕ್ರಿಸ್ಟೀನ್ ಜಿಯಾನೋನ್ ಹೆಂಗಸೇ ಎಂದು ಇವರಿಗೆ ಹೇಳುವವರು ಯಾರು?

ನೀವೂ ಮಾಡುವುದಾದರೆ, ಎರಡೂ ಕಡೆ 'ಸೆಟ್ ಫೈಲ್ ಟೈಪ್ ಬೈನರಿ' ಎಂದು ಮೊದಲು ಹೇಳಿಬಿಡಿ, ಅಕ್ಷರಗಳನ್ನು ತಿದ್ದುವ ಉಸಾಬರಿಗೆ ಅದು ಹೋಗದಿರಲಿ. ಆಮೇಲೆ ಹೊಸದರಲ್ಲಿ ರಿಸೀವ್, ಹಳೆಯದರಲ್ಲಿ ಸೆಂಡ್. ಬಂದದ್ದು ಒಡನೆಯೇ ಕನ್ನಡವಾಗಿ ಕಾಣದು, ಇಸ್ಕಿಯನ್ನು ಯೂನಿಕೋಡಿಗೆ ಬದಲಿಸಬೇಕು. ಯೂನಿಕೋಡಿನ ಕನ್ನಡ ಇಸ್ಕಿಯ ಜೋಡಣೆಯನ್ನೇ ಹಿಡಿದು ಹೊರಟದ್ದರಿಂದ ಅದೇನು ದೊಡ್ಡ ರಾಮಾಯಣವಲ್ಲ. ಅದಕ್ಕೆ ಮುಂಚೆ ಎರಡೂ ಕಡೆಯ ಕಡತದ ಗಾತ್ರ ಒಂದೇ ಇದೆಯೇ ನೋಡಿ. ಒಂದೇ ಒಂದು ಅಕ್ಷರ ಕಡಿಮೆ ಬಿದ್ದರೂ ಇನ್ನೊಮ್ಮೆ ಕಳಿಸಿ.