ಪೆಲೆ ಸಹಿ ಇರುವ ಜೆರ್ಸಿ ಮಾರಾಟಕ್ಕಿದೆಯಂತೆ! ದುಡ್ಡು ಕಳಿಸುವ ಮೊದಲು ಇದನ್ನು ಓದಿ

"ಬ್ರೆಜಿಲ್‌ನ ಸ್ಯಾಂಟೋಸ್ ಕ್ಲಬ್‌ನ ಹಳೆಯ 10ನೇ ನಂಬರ್ ಜೆರ್ಸಿ. ಪೆಲೆ ಸ್ವತಃ ಸಹಿ ಮಾಡಿದ್ದು. ಪ್ರಮಾಣಪತ್ರವೂ ಇದೆ. ಒಂದೇ ಪೀಸ್, ಇವತ್ತೇ ಬುಕ್ ಮಾಡಿ." ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಬಿಟಿಎಂ ಲೇಔಟ್, ಜೆ.ಪಿ. ನಗರ, ಬನಶಂಕರಿಯ ಟರ್ಫ್‌ಗಳಲ್ಲಿ ವಾರಾಂತ್ಯಕ್ಕೆ ಚೆಂಡು ಒದೆಯುವ ಹುಡುಗರಿಗೆ ಹತ್ತು-ಹದಿನೈದು ಸಾವಿರ ಅಂದರೆ ಸಣ್ಣ ಮೊತ್ತವಲ್ಲ. ಆದರೂ ಪೆಲೆ ಹೆಸರು ಕೇಳಿದರೆ ಕೈ ತಾನಾಗಿ ಯುಪಿಐ ಕಡೆ ಹೋಗುತ್ತದೆ. ಬೆಂಗಳೂರಿಗೆ ಬ್ರೆಜಿಲ್ ಹುಚ್ಚು ಹೊಸದೂ ಅಲ್ಲ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಆ ಬಡಾವಣೆಯನ್ನು ಜನ 'ಮಿನಿ ಬ್ರೆಜಿಲ್' ಎಂದೇ ಕರೆಯುತ್ತಾರೆ.

ಹಾಗಾದರೆ ಆ ಜೆರ್ಸಿ ಅಸಲಿಯೋ ನಕಲಿಯೋ? ಈ ಪ್ರಶ್ನೆಯಲ್ಲೇ ಒಂದು ತೊಡಕಿದೆ. ಇಲ್ಲಿರುವುದು ಒಂದು ಪ್ರಶ್ನೆಯಲ್ಲ, ಮೂರು. ಅಂಗಿ ನಿಜವಾಗಿಯೂ ಆ ಕಾಲದ್ದೇ? ಅದನ್ನು ಆಟಗಾರ ಪಂದ್ಯದಲ್ಲಿ ತೊಟ್ಟಿದ್ದನೇ? ಮೇಲಿನ ಸಹಿ ಅವನದೇ? ಒಂದಕ್ಕೆ 'ಹೌದು' ಎಂದಾಕ್ಷಣ ಉಳಿದೆರಡಕ್ಕೂ 'ಹೌದು' ಎಂದಾಗುವುದಿಲ್ಲ. ಪೆಲೆ ತಮ್ಮ ಕೊನೆಯ ದಶಕಗಳಲ್ಲಿ, ಹಳೆಯ ಮಾದರಿಯಲ್ಲಿ ಹೊಸದಾಗಿ ಹೊಲಿದ ಅಂಗಿಗಳ ಮೇಲೂ ಸಹಿ ಹಾಕುತ್ತಿದ್ದರು. ಅಂಥದ್ದರಲ್ಲಿ ಸಹಿ ನಿಜ, ಅಂಗಿ ಮಾತ್ರ ಚಾರಿತ್ರಿಕವಲ್ಲ. ಮಾರುವವರು ಈ ಮೂರನ್ನೂ ಕಲಸಿ 'ಒರಿಜಿನಲ್' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ.

ಮೊದಲು ಇಸವಿ ನೋಡಿ

ಇದಕ್ಕೆ ಪ್ರಯೋಗಾಲಯ ಬೇಡ, ಮೊಬೈಲ್ ಸಾಕು. ಸ್ಯಾಂಟೋಸ್ ಕ್ಲಬ್ ಹುಟ್ಟಿದ್ದು 1912ರಲ್ಲಿ. ಪೆಲೆ ಅಲ್ಲಿ ಆಡಿದ್ದು 1956ರಿಂದ 1974ರವರೆಗೆ. 1975ರಿಂದ ಅವರು ನ್ಯೂಯಾರ್ಕ್‌ನ ಕಾಸ್ಮೋಸ್ ತಂಡದಲ್ಲಿದ್ದರು. 1977ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ 2-2 ಡ್ರಾ ಆದ ಪಂದ್ಯದಲ್ಲಿ ಅವರು ತೊಟ್ಟಿದ್ದೂ ಕಾಸ್ಮೋಸ್ ಅಂಗಿಯೇ. ಹೀಗಿರುವಾಗ 'ಕೋಲ್ಕತ್ತದಲ್ಲಿ ಪೆಲೆ ತೊಟ್ಟ ಸ್ಯಾಂಟೋಸ್ ಜೆರ್ಸಿ' ಎಂದು ಯಾರಾದರೂ ತಂದರೆ ಮಾತು ಅಲ್ಲಿಗೇ ಮುಗಿಯಿತು.

ಸ್ಯಾಂಟೋಸ್ ಲಾಂಛನದ ಮೇಲಿನ ಎರಡು ನಕ್ಷತ್ರಗಳು 1962 ಮತ್ತು 1963ರಲ್ಲಿ ಆ ಕ್ಲಬ್ ಗೆದ್ದ ಖಂಡಾಂತರ ಪ್ರಶಸ್ತಿಗಳ ಗುರುತು. 1958ರ ಅಂಗಿ ಎಂದು ಹೇಳುವ ಬಟ್ಟೆಯ ಮೇಲೆ ಅವು ಹೇಗೆ ಬಂದವು? ಬೆನ್ನ ಮೇಲೆ ಆಟಗಾರನ ಹೆಸರು, ಎದೆಯ ಮೇಲೆ ಕಂಪನಿಯ ಜಾಹೀರಾತು ಇದ್ದರೂ ಅದೇ ಅನುಮಾನ. ಪೆಲೆ ಕಾಲದ ಬ್ರೆಜಿಲ್ ಕ್ಲಬ್ ಅಂಗಿಗಳಲ್ಲಿ ಇವೆರಡೂ ಇರಲಿಲ್ಲ. ಬೆನ್ನ ಮೇಲಿನ ಬರಹಕ್ಕೆ ಪ್ರಸಿದ್ಧ ಉದಾಹರಣೆ ಆಮೇಲಿನದು. 1982ರಲ್ಲಿ ಸಾಕ್ರಟೀಸ್ ಆಡುತ್ತಿದ್ದ ಕೊರಿಂಥಿಯನ್ಸ್ ತಂಡ, ಸೇನಾಡಳಿತ ಇನ್ನೂ ಇದ್ದಾಗಲೇ, 'ನವೆಂಬರ್ 15ರಂದು ಮತ ಹಾಕಿ' ಎಂದು ಅಂಗಿಯ ಹಿಂಬದಿ ಬರೆಸಿಕೊಂಡು ಮೈದಾನಕ್ಕಿಳಿಯಿತು. ಸಂಗ್ರಹಕಾರರು ಹುಡುಕಿಕೊಂಡು ಹೋಗುವುದು ಇಂಥ ಕಥೆಯನ್ನು, ಬರೀ ಬಟ್ಟೆಯನ್ನಲ್ಲ.

ಆ ಕಾಲದ ಫುಟ್‌ಬಾಲ್ ಅಂಗಿಗಳು ಬಹುತೇಕ ಹತ್ತಿಯವು. ಒಳಹೊಲಿಗೆಯಲ್ಲಿ ಸಡಿಲವಾದ ಒಂದೇ ಒಂದು ಎಳೆಯನ್ನು ಕಿತ್ತು ಸುಟ್ಟರೆ, ಹತ್ತಿ ಕಾಗದದ ವಾಸನೆ ಬೀರಿ ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. (ಎಳೆಯನ್ನು ಮಾತ್ರ, ಅಂಗಿಯ ಹತ್ತಿರ ಬೆಂಕಿಕಡ್ಡಿ ಒಯ್ಯಬೇಡಿ!) ಆದರೆ ಹತ್ತಿ ಎಂದು ಗೊತ್ತಾದ ಮಾತ್ರಕ್ಕೆ ಹಳೆಯದು ಎಂದಾಗುವುದಿಲ್ಲ, ಹತ್ತಿ ಬಟ್ಟೆ ಇವತ್ತೂ ಸಿಗುತ್ತದೆ. ಈ ಪರೀಕ್ಷೆ ಸುಳ್ಳನ್ನು ಹಿಡಿಯಬಲ್ಲದು, ಸತ್ಯವನ್ನು ಸಾಬೀತು ಮಾಡಲಾರದು.

ಸಹಿಯ ಸಂಗತಿ

ನಿಮ್ಮ ಸಹಿಯನ್ನೇ ಹತ್ತು ಸಲ ಹಾಕಿ ನೋಡಿ. ಯಾವ ಎರಡೂ ಪಡಿಯಚ್ಚಿನಂತೆ ಒಂದೇ ಆಗಿರುವುದಿಲ್ಲ. ಹಾಗಾಗಿ ಅಂಗಿಯ ಮೇಲಿನ ಸಹಿ ಇಂಟರ್ನೆಟ್‌ನಲ್ಲಿರುವ ಒಂದು ಸಹಿಗೆ ಗೆರೆಗೆ ಗೆರೆ ಹೊಂದಿದರೆ ಖುಷಿಪಡಬೇಡಿ. ಅದು ಅಚ್ಚೊತ್ತಿದ್ದು ಅಥವಾ ತಿದ್ದಿ ಬರೆದದ್ದು ಇರಬಹುದು. ಕೈಬರಹ ತಜ್ಞರು ಆಕಾರಕ್ಕಿಂತ ಹೆಚ್ಚಾಗಿ ಗೆರೆಯ ಓಟವನ್ನು ನೋಡುತ್ತಾರೆ. ಸಾವಿರಾರು ಸಲ ಸಹಿ ಹಾಕಿದ ಕೈ ಸರಾಗವಾಗಿ ಓಡುತ್ತದೆ, ನಕಲು ಮಾಡುವ ಕೈ ತಿರುವುಗಳಲ್ಲಿ ತಡವರಿಸುತ್ತದೆ, ಅಲ್ಲಲ್ಲಿ ಪೆನ್ ಎತ್ತುತ್ತದೆ. ಬಟ್ಟೆಯ ಮೇಲೆ ಇದನ್ನು ಗುರುತಿಸುವುದು ಕಾಗದಕ್ಕಿಂತ ಕಷ್ಟ. ಬಟ್ಟೆ ಜಗ್ಗುತ್ತದೆ, ಶಾಯಿ ಎಳೆಗಳಗುಂಟ ಹರಡುತ್ತದೆ. ಫೋನಿಗೆ ಬಂದ ಮಸುಕು ಫೋಟೊ ನೋಡಿ 'ನೂರಕ್ಕೆ ನೂರು ಅಸಲಿ' ಎನ್ನುವವರ ಮಾತನ್ನು ನಾವಂತೂ ನಂಬುವುದಿಲ್ಲ.

ಮಾರ್ಕರ್ ಪೆನ್ನಿಗೂ ಇತಿಹಾಸವಿದೆ. ಇಂಥ ಸಹಿಗಳಿಗೆ ಹೆಸರಾದ ಶಾರ್ಪಿ ಮಾರ್ಕರ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1964ರಲ್ಲಿ. '1958ರಲ್ಲೇ ಹಾಕಿದ ಸಹಿ' ಅಂಥ ಮಾರ್ಕರ್‌ನದ್ದಾಗಿದ್ದರೆ ಕಥೆ ಕೂಡುವುದಿಲ್ಲ.

ಪ್ರಮಾಣಪತ್ರ ಇದ್ದರೆ ಸಾಕೇ?

ಸಾಲದು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಎಂಬ ತನಿಖೆ ನಡೆಸಿ, ಕ್ರೀಡಾಪಟುಗಳ ನಕಲಿ ಸಹಿಗಳ ದೊಡ್ಡ ಜಾಲವನ್ನು ಹಿಡಿಯಿತು. ಆ ಜಾಲದಲ್ಲಿ ಪ್ರಮಾಣಪತ್ರಗಳೂ ನಕಲಿಯೇ ಆಗಿದ್ದವು. ಸಹಿಯನ್ನೇ ನಕಲು ಮಾಡುವವನಿಗೆ ಒಂದು ಹಾಳೆ, ಒಂದು ಹೊಳೆಯುವ ಸ್ಟಿಕ್ಕರ್ ಯಾವ ಲೆಕ್ಕ?

ನಿಜವಾದ ಬೆಲೆ ಇರುವುದು ಅಂಗಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆಗೆ. 1970ರ ವಿಶ್ವಕಪ್ ಫೈನಲ್‌ನಲ್ಲಿ ಪೆಲೆ ತೊಟ್ಟ ಅಂಗಿ 2002ರಲ್ಲಿ ಲಂಡನ್‌ನ ಕ್ರಿಸ್ಟೀಸ್ ಹರಾಜಿನಲ್ಲಿ 1,57,750 ಪೌಂಡ್‌ಗೆ ಹೋಯಿತು. ಅದನ್ನು ಪಂದ್ಯದ ದಿನ ಪೆಲೆಯಿಂದ ಪಡೆದಿದ್ದವರು ಇಟಲಿಯ ಆಟಗಾರ ರೊಸಾಟೊ. ಮೊದಲ ಕೈ ಯಾರದ್ದು ಎಂಬುದು ಗೊತ್ತಿತ್ತು.

ಕೈ ಗೊತ್ತಿದ್ದರೂ ತಕರಾರು ತಪ್ಪಿದ್ದಲ್ಲ. 1986ರಲ್ಲಿ ಮರಡೋನಾ ಇಂಗ್ಲೆಂಡ್ ವಿರುದ್ಧ ಕೈಯಿಂದ ಗೋಲು ಹೊಡೆದ ದಿನದ ಅಂಗಿ, ಪಂದ್ಯ ಮುಗಿದ ಮೇಲೆ ಇಂಗ್ಲೆಂಡ್‌ನ ಸ್ಟೀವ್ ಹಾಡ್ಜ್ ಪಾಲಾಯಿತು. 2022ರಲ್ಲಿ ಅದು ಹರಾಜಿಗೆ ಬಂದಾಗ ಮರಡೋನಾ ಮಗಳು, 'ಇದು ಮೊದಲಾರ್ಧದ ಅಂಗಿ, ಗೋಲುಗಳು ಬಂದದ್ದು ಎರಡನೇ ಅರ್ಧದಲ್ಲಿ' ಎಂದರು. ಆಗ ನೆರವಿಗೆ ಬಂದದ್ದು ಫೋಟೊ ಮ್ಯಾಚಿಂಗ್. ಆ ಪಂದ್ಯಕ್ಕಾಗಿ ಅರ್ಜೆಂಟೀನಾ ತಂಡದವರು ಮೆಕ್ಸಿಕೊ ಸಿಟಿಯ ಅಂಗಡಿಯಿಂದ ಅವಸರದಲ್ಲಿ ಅಂಗಿಗಳನ್ನು ತಂದು, ಲಾಂಛನ ಹೊಲಿದು, ಮಿನುಗುವ ಬೆಳ್ಳಿಬಣ್ಣದ ನಂಬರ್‌ಗಳನ್ನು ಇಸ್ತ್ರಿ ಹಾಕಿ ಅಂಟಿಸಿದ್ದರು. ಕೈಕೆಲಸವಾದ್ದರಿಂದ ಪ್ರತಿ ಅಂಗಿಯೂ ಕೂದಲೆಳೆಯಷ್ಟು ಬೇರೆ. ಗೋಲಿನ ಕ್ಷಣದ ಫೋಟೊಗಳಲ್ಲಿನ ಆ ಸಣ್ಣ ವ್ಯತ್ಯಾಸಗಳನ್ನು ಅಂಗಿಯ ಜತೆ ಹೋಲಿಸಿ, ಅದೇ ಅಂಗಿ ಎಂದು ಸಾತ್‌ಬಿಸ್ ಸಂಸ್ಥೆ ಹೇಳಿತು. 71 ಲಕ್ಷ ಪೌಂಡ್‌ಗೂ ಹೆಚ್ಚು ಬೆಲೆ ಬಂತು.

ಸೀರೆಯ ಪಟ್ಟೆಗೆ ಹೊಂದುವಂತೆ ರವಿಕೆ ಹೊಲಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಟ್ಟೆಯಿರುವ ಬಟ್ಟೆ ಕತ್ತರಿಸಿದಾಗ ಪ್ರತಿ ಅಂಗಿಯಲ್ಲೂ ಪಟ್ಟೆಗಳು ಹೊಲಿಗೆಯನ್ನು ಸೇರುವ ಜಾಗ ಬೇರೆಬೇರೆ. ಫ್ಲಮೆಂಗೊ ಕ್ಲಬ್‌ನ ಕೆಂಪು-ಕಪ್ಪು ಪಟ್ಟೆ ಅಂಗಿಯಲ್ಲಿ ಈ ಗುರುತು ಸಿಗುತ್ತದೆ. ಪೆಲೆಯ ಹೆಸರಿನೊಂದಿಗೆ ಅಂಟಿಕೊಂಡಿರುವ ಸ್ಯಾಂಟೋಸ್ ಅಂಗಿಯೋ ಅಚ್ಚ ಬಿಳಿ. ಅದರ ಫೋಟೊಗಳು ಬಹುಪಾಲು ಕಪ್ಪುಬಿಳುಪು. ಹೋಲಿಸಲು ಉಳಿಯುವುದು ಕಾಲರ್, ಲಾಂಛನ ಮತ್ತು ನಂಬರ್ ಹೊಲಿದ ರೀತಿ ಅಷ್ಟೇ. ಪೆಲೆ ಪಂದ್ಯದಲ್ಲಿ ತೊಟ್ಟ ಸ್ಯಾಂಟೋಸ್ ಅಂಗಿಯನ್ನು ಸಾಬೀತು ಮಾಡುವುದು ಹರಾಜು ಸಂಸ್ಥೆಗಳಿಗೇ ಕಷ್ಟದ ಕೆಲಸ. ಅದು ವಾಟ್ಸಾಪ್‌ನಲ್ಲಿ ಹದಿನೈದು ಸಾವಿರಕ್ಕೆ ಸಿಗುತ್ತದೆಯೇ ಎಂದು ನೀವೇ ಯೋಚಿಸಿ.

ಸಂಗ್ರಹಿಸುವ ಆಸೆಯೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಜಯನಗರ 4ನೇ ಬ್ಲಾಕ್‌ನಲ್ಲಿ ನಕಲು ಎಂದು ತಿಳಿದೇ ಒಂದು ಹಳದಿ ಜೆರ್ಸಿ ಕೊಂಡರೆ ಅದರಲ್ಲಿ ಮೋಸವೇನೂ ಇಲ್ಲ. ಬ್ರೆಜಿಲ್ ಆಟಗಾರನ ಸಹಿಯೇ ಬೇಕೆಂದರೆ ಸ್ಯಾಂಟೋಸ್‌ವರೆಗೆ ಹೋಗಬೇಕಿಲ್ಲ. ಕ್ಲೇಟನ್ ಸಿಲ್ವಾ, ಅಲನ್ ಕೋಸ್ಟಾ ಅವರಂಥ ಬ್ರೆಜಿಲಿಯನ್ನರು ಬೆಂಗಳೂರು ಎಫ್‌ಸಿ ಪರ ಆಡಿ ಹೋಗಿದ್ದಾರೆ. ಮುಂದೆ ಯಾರಾದರೂ ಸಿಕ್ಕಾಗ ನಿಮ್ಮ ಕಣ್ಣೆದುರೇ ಸಹಿ ಹಾಕಿಸಿಕೊಂಡು, ಆ ಕ್ಷಣದ ವಿಡಿಯೊ ಇಟ್ಟುಕೊಳ್ಳಿ. ಯಾವ ಪ್ರಮಾಣಪತ್ರಕ್ಕೂ ಅಷ್ಟು ತೂಕವಿಲ್ಲ. ಹಾಗೆಯೇ, 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರೇ. ಹಳೆಯ ಆಟಗಾರರ ಮನೆಯ ಟ್ರಂಕಿನಲ್ಲಿ ಅಂಗಿಯೋ ಫೋಟೊವೋ ಇದ್ದರೆ ಅದರ ಕಥೆಯನ್ನು ಮನೆಯ ಹಿರಿಯರಿಂದ ಈಗಲೇ ಬರೆಸಿಡಿ.

ಕೊಂಡದ್ದನ್ನು ಕಾಪಾಡುವುದೂ ಒಂದು ಕೆಲಸ. ಸಹಿ ಇರುವ ಅಂಗಿಯನ್ನು ಒಗೆಯಬೇಡಿ, ಸಹಿಯ ಮೇಲೆ ಇಸ್ತ್ರಿ ಬೇಡ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ಅತಿನೇರಳೆ ಕಿರಣಗಳಿಂದ ಶಾಯಿ ಮಾಸುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಟ್ಟರೆ ಮಳೆಗಾಲದ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಹೊಸ ಜೆರ್ಸಿಗಳ ಶಾಖದಿಂದ ಅಂಟಿಸಿದ ನಂಬರ್‌ಗಳಲ್ಲಿ ಪಾಲಿಯುರೆಥೇನ್ ಇದ್ದರೆ, ಅದು ತೇವಕ್ಕೆ ನಿಧಾನವಾಗಿ ಒಡೆದು ಜಿಗುಟಾಗುತ್ತದೆ. ಹಳೆಯ ಬಿಳಿ ಹತ್ತಿ ಪಂಚೆಯನ್ನು ಚೆನ್ನಾಗಿ ಒಗೆದು ಒಣಗಿಸಿ, ಅದರಲ್ಲಿ ಸುತ್ತಿ ಬೀರುವಿನಲ್ಲಿಟ್ಟರೆ ಸಾಕು. ನಂಬರ್ ಇರುವ ಕಡೆ ಮಡಿಕೆ ಬೀಳದಿರಲಿ.

ದುಡ್ಡು ಕಳಿಸಿ ಮೋಸ ಹೋಗಿದ್ದು ಗೊತ್ತಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಯ ಈ ಸಹಾಯವಾಣಿಗೆ ಬೇಗ ತಿಳಿಸಿದಷ್ಟೂ, ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಚಾಟ್, ಯುಪಿಐ ವಹಿವಾಟಿನ ಸಂಖ್ಯೆ, ಮಾರಿದವರು ಕಳಿಸಿದ ಫೋಟೊಗಳನ್ನು ಅಳಿಸಬೇಡಿ. ದೂರು ಕೊಡುವಾಗ ಅವು ಬೇಕಾಗುತ್ತವೆ.