ಒಂದೇ ಕೃತಿಯ ಕೀರ್ತಿ

ಕಲಾವಿದನ ಸಾಧನೆಯನ್ನು ಅಳೆಯಹೊರಟಾಗ ಮೊದಲು ಅವನ ಕೃತಿಗಳನ್ನು ಎಣಿಸುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಇಷ್ಟು ಕಾದಂಬರಿ, ಇಷ್ಟು ನಾಟಕ, ಇಷ್ಟು ಚಿತ್ರ ಎಂದು ಪಟ್ಟಿ ಮಾಡಿದೊಡನೆ ವಿಮರ್ಶೆಯ ಅರ್ಧ ಕೆಲಸ ಮುಗಿಯಿತೆಂದು ತಿಳಿಯುವವರುಂಟು. ಈಜಿಪ್ಟಿನ ಚಿತ್ರನಿರ್ದೇಶಕ ಶಾದಿ ಅಬ್ದೆಲ್ ಸಲಾಂ ಅವರ ಮುಂದೆ ಈ ಲೆಕ್ಕ ನಿಲ್ಲದು. 1930ರಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿ ಹುಟ್ಟಿ 1986ರಲ್ಲಿ ಕೈರೋದಲ್ಲಿ ತೀರಿಕೊಂಡ ಅವರು ಬಿಟ್ಟುಹೋದ ಪೂರ್ಣಪ್ರಮಾಣದ ಕಥಾಚಿತ್ರ ಒಂದೇ ಒಂದು: 1969ರ 'ಅಲ್-ಮೂಮಿಯಾ'. ಅರಬ್ಬೀ ಚಲಚ್ಚಿತ್ರಗಳ ಚರಿತ್ರೆಯನ್ನು ಬರೆಯುವವರು ಆ ಒಂದನ್ನು ಬಿಟ್ಟು ಮುಂದೆ ಹೋಗಲಾರರು.

ಶಾದಿ ವ್ಯಾಸಂಗ ಮಾಡಿದುದು ವಾಸ್ತುಶಿಲ್ಪವನ್ನು. ಚಿತ್ರರಂಗದಲ್ಲಿ ಅವರು ಹೆಸರಾದುದು ವೇಷಭೂಷಣ, ದೃಶ್ಯಸಜ್ಜಿಕೆಗಳ ಕುಶಲಿಯೆಂದು. ಯೂಸುಫ್ ಶಾಹೀನರ 'ಸಲಾದಿನ್' (1963), ಪೋಲೆಂಡಿನ ಕವಲೆರೋವಿಚ್ ಅವರ 'ಫೇರೋ' (1966) ಮೊದಲಾದ ಚಿತ್ರಗಳಿಗೆ ಅವರು ದುಡಿದರು. ಅವರ ಚಿತ್ರಕಥೆಯನ್ನು ಮೆಚ್ಚಿ, ಸರಕಾರದ ನೆರವು ದೊರೆಯುವಂತೆ ಒತ್ತಾಸೆಯಾಗಿ ನಿಂತವರು ಇಟಲಿಯ ಪ್ರಸಿದ್ಧ ನಿರ್ದೇಶಕ ರೊಸೆಲಿನಿ.

ಸರಕಾರದ ಹಣದಿಂದ ಚಿತ್ರ ಮಾಡಿದವರನ್ನು ಸ್ವತಂತ್ರ ಕಲಾವಿದರೆಂದು ಕರೆಯಬಹುದೆ ಎಂದು ಯಾರಾದರೂ ಕೇಳಿಯಾರು. ಕರೆಯಬಹುದೆಂದೇ ನನ್ನ ಅಭಿಪ್ರಾಯ. ಹಣ ಎಲ್ಲಿಂದ ಬಂದಿತು ಎಂಬುದಕ್ಕಿಂತ, ಅದಕ್ಕಾಗಿ ಏನನ್ನು ತೆರಬೇಕಾಯಿತು ಎಂಬುದು ಮುಖ್ಯ. ಕೈರೋ ನಗರದ ಚಿತ್ರೋದ್ಯಮ ಹಾಡು, ಹಾಸ್ಯ, ಕಣ್ಣೀರುಗಳ ಮೇಲೆ ಬೆಳೆದದ್ದು. ಶಾದಿ ಅವುಗಳಲ್ಲಿ ಒಂದನ್ನೂ ಆಶ್ರಯಿಸಲಿಲ್ಲ.

ಚಿತ್ರದ ವಸ್ತು 1881ರಲ್ಲಿ ನಡೆದ ಸಂಗತಿ. ಥೀಬ್ಸ್ ಬಳಿಯ ಬೆಟ್ಟದಲ್ಲಿ ಪ್ರಾಚೀನ ರಾಜರ ಶವಗಳನ್ನು ಬಚ್ಚಿಟ್ಟಿದ್ದ ಗುಹೆಯೊಂದಿದ್ದಿತು. ಊರಿನ ಮನೆತನವೊಂದು ಅದನ್ನು ಕಂಡುಕೊಂಡು, ಅಲ್ಲಿನ ಒಡವೆಗಳನ್ನು ಗುಟ್ಟಾಗಿ ಮಾರಿ ಬಾಳುತ್ತಿದ್ದಿತು. ಚರಿತ್ರೆಯಲ್ಲಿ ಈ ಗುಟ್ಟು ರಟ್ಟಾದುದು ಅಧಿಕಾರಿಗಳ ಹಿಂಸೆಯಿಂದ, ಮನೆಯೊಳಗಿನ ಜಗಳದಿಂದ. ಶಾದಿ ಅವರ ಕೈಯಲ್ಲಿ ಅದು ಅಂತಃಕರಣದ ಸಂಕಟವಾಯಿತು. ತಂದೆ ಸತ್ತ ದಿನವೇ ತರುಣ ವನೀಸನಿಗೆ ತಾನು ಉಂಡ ಅನ್ನದ ಮೂಲ ತಿಳಿಯುತ್ತದೆ. ಪ್ರತಿಭಟಿಸಿದ ಅಣ್ಣ ಕೊಲೆಯಾಗುತ್ತಾನೆ. ಕೊನೆಗೆ ವನೀಸ ಕೈರೋದಿಂದ ಬಂದ ಪುರಾತತ್ತ್ವದ ಅಧಿಕಾರಿಗೆ ಗುಟ್ಟನ್ನು ಹೇಳುತ್ತಾನೆ. ಬೆಳಕು ಹರಿಯುವ ಹೊತ್ತಿಗೆ ರಾಜರು ದೋಣಿಯೇರಿ ಹೊರಡುತ್ತಾರೆ, ವನೀಸ ಒಂಟಿಯಾಗುತ್ತಾನೆ.

ಇಲ್ಲಿ ಸುಲಭವಾದ ನೀತಿಪಾಠವಿಲ್ಲ. ಪೂರ್ವಜರನ್ನು ಮಾರುವುದು ತಪ್ಪು, ನಿಜ. ಆದರೆ ಬೆಟ್ಟದ ಜನರ ಹೊಟ್ಟೆಗೆ ಬೇರೆ ದಾರಿಯೇನು? ಪೂರ್ವಜರನ್ನು ಕಾಪಾಡಿದ ರಾಜಧಾನಿ ಅವರ ವಂಶದವರಿಗೆ ಏನು ಕೊಟ್ಟಿತು? 1967ರ ಯುದ್ಧದಲ್ಲಿ ಸೋತು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತಿದ್ದ ದೇಶದಲ್ಲಿ ಈ ಕಥೆ ಬರಿಯ ಹಳೆಯ ಕಥೆಯಾಗಿರಲಿಲ್ಲ.

ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಇನ್ನೊಂದಿದೆ. ಈಜಿಪ್ಟಿನ ಚಿತ್ರಗಳು ಸಾಮಾನ್ಯವಾಗಿ ಅಲ್ಲಿನ ಆಡುಮಾತಿನಲ್ಲಿ ನಡೆಯುತ್ತವೆ. ಶಾದಿ ಮಾತ್ರ ಬೆಟ್ಟದ ನಿವಾಸಿಗಳ ಬಾಯಲ್ಲಿ ಗ್ರಾಂಥಿಕ ಅರಬ್ಬಿಯನ್ನು ಇರಿಸಿದರು. ಇದು ಅಸಹಜವೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆ ಕಾಲದ ಬಡವ ಹಾಗೆ ಮಾತನಾಡುತ್ತಿರಲಿಲ್ಲ. ಆದರೂ ಈ ಆಯ್ಕೆ ವಸ್ತುವಿಗೆ ಒಪ್ಪಿದೆ. ವನೀಸನ ನಿಜವಾದ ದುಃಖ ಬಡತನವೊಂದೇ ಅಲ್ಲ. ತನ್ನ ನೆಲದ ಕಲ್ಲುಗಳ ಮೇಲಿನ ಬರೆಹವನ್ನು ತಾನು ಓದಲಾರೆನೆಂಬುದು. ಪೇಟೆಯಿಂದ ಬಂದವನು ಅದನ್ನು ಓದಬಲ್ಲನು. ಓದಲು ಬಾರದವನಿಗೆ ಪರಂಪರೆ ಮಾರಾಟದ ಸರಕು. ಓದಬಲ್ಲವನಿಗೆ ಅದು ಹೊಣೆ. ಹೀಗಿರುವಾಗ ಪಾತ್ರಗಳು ಬರೆಹದ ಭಾಷೆಯಲ್ಲಿ ಮಾತನಾಡುವುದು ಆಡಂಬರವಲ್ಲ, ಕಳೆದುಕೊಂಡ ಗಾಂಭೀರ್ಯವನ್ನು ಅವರಿಗೆ ಮರಳಿ ಕೊಡುವ ಯತ್ನ.

ಮುಂದಿನ ಕಥೆ ಖೇದಕರವಾದುದು. ಹೊರದೇಶಗಳಲ್ಲಿ ಮೆಚ್ಚುಗೆ ಪಡೆದ ಚಿತ್ರ ಸ್ವದೇಶದ ಚಿತ್ರಮಂದಿರಗಳಿಗೆ ಬಂದುದು 1975ರಲ್ಲಿ. 'ವಾಗ್ಮಿಯಾದ ರೈತ' (1970) ಎಂಬ ಕಿರುಚಿತ್ರವನ್ನೂ ಕೆಲವು ಸಾಕ್ಷ್ಯಚಿತ್ರಗಳನ್ನೂ ಶಾದಿ ರಚಿಸಿದರು. ಫೇರೋ ಅಖೆನಾತೆನನನ್ನು ಕುರಿತ ಮಹಾಚಿತ್ರಕ್ಕಾಗಿ ಒಂದು ದಶಕಕ್ಕೂ ಮಿಕ್ಕಿ ಸಿದ್ಧತೆ ನಡೆಸಿದರು. ವೇಷ, ಆಸನ, ಅರಮನೆಗಳನ್ನು ಒಂದೊಂದಾಗಿ ಚಿತ್ರಿಸಿಟ್ಟರು. ಹಣ ಒದಗಲಿಲ್ಲ, ಆಯುಷ್ಯ ಮುಗಿಯಿತು. 2009ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ವಿಶ್ವ ಚಲಚ್ಚಿತ್ರ ಪ್ರತಿಷ್ಠಾನದ ನೆರವಿನಿಂದ 'ಅಲ್-ಮೂಮಿಯಾ' ಇಟಲಿಯ ಬೊಲೋನ್ಯದಲ್ಲಿ ಜೀರ್ಣೋದ್ಧಾರಗೊಂಡಿತು. ಅಷ್ಟು ಹೊತ್ತಿಗೆ ನಿರ್ದೇಶಕರು ತೀರಿಕೊಂಡು ಇಪ್ಪತ್ತಮೂರು ವರ್ಷ ಸಂದಿದ್ದವು.

ಇದನ್ನು ತ್ಯಾಗದ ಕಥೆಯೆಂದು ಕೊಂಡಾಡಿ ಸುಮ್ಮನಾಗುವುದು ಸರಿಯಲ್ಲ. ಒಂದೇ ಕೃತಿ ಸಾಕೆಂದು ಶಾದಿ ಹೇಳಿದವರಲ್ಲ. ಎರಡನೆಯದಕ್ಕಾಗಿ ಕೊನೆಯವರೆಗೂ ದುಡಿದವರು. ಹಳೆಯ ಚಿತ್ರವನ್ನು ಕಾಪಾಡಲು ತೋರಿದ ಆಸ್ಥೆಯಲ್ಲಿ ಅರ್ಧವಾದರೂ ಹೊಸದನ್ನು ಮಾಡಬಲ್ಲವರ ಕಡೆಗೆ ಹರಿದಿದ್ದರೆ ಅಖೆನಾತೆನ ಇಂದು ಕಾಗದದ ಮೇಲೆ ಉಳಿಯುತ್ತಿರಲಿಲ್ಲ. ಸತ್ತವರನ್ನು ಜೋಪಾನ ಮಾಡುವ ಸಮಾಜ ಬದುಕಿರುವ ಕಲಾವಿದನನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಅವರ ಚಿತ್ರಕ್ಕಿಂತಲೂ ಅವರ ಜೀವನವೇ ಹೆಚ್ಚು ಕಟುವಾಗಿ ಕೇಳುತ್ತದೆ.